ಎಡಗೆನ್ನೆಯ ಮಚ್ಚೆ

“ಈ ಕೋಟು ಯಾರದು?” ಎನ್ನುತ್ತಲೇ ಅವಳು ಸ್ಟೂಲು ಹತ್ತಿ, ಗಂಡನ ತಲೆಯ ಕಡೆ ಗೋಡೆಗೆ ನೇತುಹಾಕಿದ್ದ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ಮೊಳೆಯಿಂದ ಬಿಡಿಸಿಕೊಂಡಳು.

“ಇಳಿಯಮ್ಮ ಕೆಳಗೆ, ಬೀಳ್ತೀಯ. ಪಕ್ಕದ ಮನೆಯವರು ನೋಡ್ತಿದಾರೆ,” ಎಂದರು ಬಾವ. ಸತ್ತವನ ಅಣ್ಣ. ಬೆಳಿಗ್ಗೆಯೇ ಓಡಾಡಿ ಫೋಟೋ ಮಾಡಿಸಿ ತಂದವರು ಅವರೇ.

“ನೋಡ್ಲಿ ಬಿಡಿ. ಇಪ್ಪತ್ತೆಂಟು ವರ್ಷ ಇವರ ಜೊತೆ ಸಂಸಾರ ಮಾಡಿದೀನಿ, ಇವರ ಮೈಮೇಲೆ ಒಂದು ದಿನ ಕೋಟು ಕಂಡಿಲ್ಲ. ಇಲ್ಲಿ ನೋಡಿದ್ರೆ ಟೈ ಬೇರೆ.”

“ಸ್ಟುಡಿಯೋದವರು ಕಂಪ್ಯೂಟರ್‌ನಲ್ಲಿ ಹಾಕ್ತಾರಮ್ಮ. ಅವನ ಗುರುತಿನ ಚೀಟಿಯಲ್ಲಿದ್ದ ಮುಖ ತೆಗೆದು ಇದರ ಮೇಲೆ ಕೂರಿಸಿದಾರೆ. ಎಲ್ಲರೂ ಹಾಗೇ ಮಾಡಿಸೋದು. ನಮ್ಮ ಆಫೀಸಿನವರು ಬರ್ತಾರೆ, ಸ್ವಲ್ಪ ಮರ್ಯಾದೆಯಾಗಿ ಕಾಣಲಿ ಅಂತ ನಾನೇ ಹೇಳಿದೆ.”

“ಮಚ್ಚೆ ಎಲ್ಲಿ?”

ಬಾವ ಕನ್ನಡಕ ಮೇಲಕ್ಕೆ ಸರಿಸಿ ಬಗ್ಗಿ ನೋಡಿದರು. ಮಚ್ಚೆ ಇರಲಿಲ್ಲ. ಗುರುತಿನ ಚೀಟಿಯ ಮೇಲೆ ಏನೋ ಕಲೆ ಬಿದ್ದಿದೆಯೆಂದು ತಿಳಿದು ಸ್ಟುಡಿಯೋದವನು ಅದನ್ನು ನೀಟಾಗಿ ಒರೆಸಿ ಹಾಕಿದ್ದ. ಕಡಲೆಕಾಳಿನಷ್ಟು ದಪ್ಪದ ಮಚ್ಚೆ ಅದು. ಕೆಳಗೆ, ಬಿಳಿ ಹೊದಿಕೆಯೊಳಗೆ ಕಣ್ಣು ಮುಚ್ಚಿ ಮಲಗಿದ್ದವನ ಬಲಗೆನ್ನೆಯ ಮೇಲೆ ಈಗಲೂ ಇತ್ತು.

“ಮರ್ಯಾದೆ ಅಂತೆ,” ಎಂದು ಅವಳು ಸ್ಟೂಲಿನಿಂದಿಳಿದು ಫೋಟೋವನ್ನು ಬಾವನ ಕೈಗೇ ಕೊಟ್ಟಳು. “ಇದು ನಿಮ್ಮ ಆಫೀಸಿನವರು ಯಾರೋ ಇರಬೇಕು. ಅವರ ಮನೆಗೇ ಕೊಟ್ಟುಬಿಡಿ.”

ನಿನ್ನೆ ಸಂಜೆ ಅಂಗಡಿಯ ಷಟರ್ ಅರ್ಧಕ್ಕೆ ಎಳೆದವನು ಎದೆ ಹಿಡಿದುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದ. ಮತ್ತೆ ಏಳಲಿಲ್ಲ. ಬೀದಿಯ ಕೊನೆಯಲ್ಲಿ ಮೂವತ್ತು ವರ್ಷ ಕಟಿಂಗ್ ಅಂಗಡಿ ಇಟ್ಟಿದ್ದವನು, ಊರಿಗೆಲ್ಲ ಕತ್ತರಿಯಣ್ಣ. ಊರಿಗೆ ಅವನು ಅಣ್ಣನಾದ ಮೇಲೆ ಅವಳು ಊರಿಗೆಲ್ಲ ಅತ್ತಿಗೆ. ಅವಳ ಹೆಸರು ಆಸ್ಪತ್ರೆಯ ಚೀಟಿಗೆ ಬಿಟ್ಟರೆ ಬೇರೆಲ್ಲೂ ಬೇಕಾಗಿರಲಿಲ್ಲ. ಮಕ್ಕಳಿರಲಿಲ್ಲ. ಇದ್ದೊಬ್ಬ ಅಣ್ಣ ಓದಿ, ಆಫೀಸು ಸೇರಿ, ಊರಿನ ಆ ತುದಿಯಲ್ಲಿ ಮನೆ ಕಟ್ಟಿಕೊಂಡಿದ್ದರು. ಅಪ್ಪನೂ ಕತ್ತರಿ ಹಿಡಿದೇ ಅವರನ್ನು ಓದಿಸಿದ್ದೆಂಬುದು ಅವರಿಗೆ ನೆನಪಿರಲಿಲ್ಲವೆಂದಲ್ಲ. ಯಾರಾದರೂ ನೆನಪಿಸಿದರೆ ಕಿವಿ ಕೆಂಪಾಗುತ್ತಿತ್ತು.

ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಬಂದವನು ಪೇಂಟರ್. ನಲವತ್ತೈದರ ಆಸುಪಾಸು, ಉಗುರಿನ ಸಂದಿಯಲ್ಲಿ ಹಸಿರು ಎನಾಮಲ್, ಕಂಕುಳಲ್ಲಿ ಹಳೆ ದುಪ್ಪಟಿ ಸುತ್ತಿದ ಅಗಲವಾದ ಹಲಗೆ. “ಅತ್ತಿಗೆ...” ಅಂದ. ತೋಳಿಗೆ ಕಣ್ಣು ಒತ್ತಿಕೊಂಡ.

“ಅಳೋದು ಆಮೇಲೆ ಅಳು. ಕಂಕುಳಲ್ಲಿ ಏನು?”

“ಅಣ್ಣಂದು. ಅವರಿಗೂ ತೋರಿಸಿರಲಿಲ್ಲ. ‘ನನ್ನ ಮುಖ ಯಾವನು ಕೊಳ್ತಾನೆ, ಬಣ್ಣ ದಂಡ ಮಾಡಬೇಡ’ ಅಂತಿದ್ದರು. ಅಂಗಡಿ ಬೆಂಚಿನ ಮೇಲೆ ಕೂತು ಅವರಿಗೆ ಗೊತ್ತಾಗದ ಹಾಗೆ ದಿನಾ ಸ್ವಲ್ಪ ಸ್ವಲ್ಪ ಗೀಚಿಕೊಂಡು ಹೋಗಿ ಮನೇಲಿ ಬರೀತಿದ್ದೆ. ಮುಂದಿನ ತಿಂಗಳು ಅಂಗಡಿಗೆ ಮೂವತ್ತು ವರ್ಷ ತುಂಬುತ್ತೆ ಅಂತ...”

ದುಪ್ಪಟಿ ಬಿಚ್ಚಿ ಹಲಗೆಯನ್ನು ಗೋಡೆಗೆ ಒರಗಿಸಿದ. ಚಿತ್ರದಲ್ಲಿ ಯಾರದೋ ತಲೆಯ ಹಿಂದೆ ಗಂಡ ನಿಂತಿದ್ದ. ಬಾಯಿ ಸ್ವಲ್ಪ ಸೊಟ್ಟಗೆ ಮಾಡಿಕೊಂಡು, ಒಂದು ಹುಬ್ಬು ಏರಿಸಿ, ಎತ್ತಿದ ಕತ್ತರಿಯನ್ನು ಅಲ್ಲೇ ತಡೆದು, ಇನ್ನೇನು ಯಾರ ಕಾಲನ್ನೋ ಎಳೆಯಲಿದ್ದಾನೆ ಅನ್ನುವಂತೆ ನೇರವಾಗಿ ಅವಳನ್ನೇ ನೋಡುತ್ತಿದ್ದ. ನಿನ್ನೆ ಸಂಜೆಯಿಂದ ಕಲ್ಲಿನಂತೆ ಕೂತಿದ್ದ ಅವಳ ಎದೆಯೊಳಗೆ ಏನೋ ಸಡಿಲವಾಯಿತು.

“ಅಲ್ಲಯ್ಯಾ,” ಎಂದರು ಬಾವ ಹಿಂದಿನಿಂದ. “ಮಚ್ಚೆ ಎಲ್ಲಿ ಬರೆದಿದೀಯ? ಎಡಗೆನ್ನೆಗೆ! ಕತ್ತರಿ ಎಡಗೈಯಲ್ಲಿ! ನನ್ನ ತಮ್ಮ ಯಾವಾಗ ಎಡಚ ಆಗಿದ್ದ?”

ಪೇಂಟರ್ ಚಿತ್ರ ನೋಡಿದ. ಕೆಳಗೆ ಮಲಗಿದ್ದವನನ್ನು ನೋಡಿದ. ಮತ್ತೆ ಚಿತ್ರ ನೋಡಿದ.

*

ಹನ್ನೆರಡು ವರ್ಷದ ಹಿಂದೆ ಊರಿನ ನೂಲಿನ ಮಿಲ್ಲು ಮುಚ್ಚಿದಾಗ ಮೊದಲು ನಿಂತದ್ದು ಹೋಟೆಲಿನ ಸದ್ದು, ಆಮೇಲೆ ಬಟ್ಟೆ ಅಂಗಡಿಯದು, ಅದಾದ ಮೇಲೆ ಒಂದೊಂದಾಗಿ ಬೀದಿಯದೆಲ್ಲ. ಬಾಗಿಲು ತೆರೆಯುವ ಅಂಗಡಿಯೇ ಇಲ್ಲವೆಂದ ಮೇಲೆ ಬೋರ್ಡು ಬರೆಸುವವರು ಯಾರು? ಅಲ್ಪಸ್ವಲ್ಪ ಇದ್ದ ಕೆಲಸವನ್ನು ಫ್ಲೆಕ್ಸ್ ನುಂಗಿತು. ಊರಿನ ಅರ್ಧ ಬೋರ್ಡು ಬರೆದಿದ್ದ ಪೇಂಟರ್, ಡಬ್ಬಿಯ ತಳದಲ್ಲಿ ಉಳಿದ ಎನಾಮಲ್‌ನಿಂದ ಪ್ಯಾಕಿಂಗ್ ಪೆಟ್ಟಿಗೆಯ ಪ್ಲೈವುಡ್ ಮೇಲೆ ಚಿತ್ರ ಬರೆಯತೊಡಗಿದ. ಮುಚ್ಚಿದ ಮಿಲ್ಲಿನ ಗೇಟು, ನಲ್ಲಿಯ ಕೆಳಗೆ ಕಾಯುವ ಬಕೆಟ್ಟು, ಸೈಕಲ್ ಸೀಟಿನ ಮೇಲೆ ನಿದ್ದೆ ಹೋದ ಬೆಕ್ಕು. ಮನೆಮನೆಗೆ ಹೊತ್ತು ತಿರುಗಿದ. ಒಬ್ಬರು ಅದರಿಂದ ನೀರಿನ ತೊಟ್ಟಿಗೆ ಮುಚ್ಚಳ ಆಗುತ್ತದೇನೋ ಎಂದು ತಟ್ಟಿ ನೋಡಿದರಂತೆ.

ಕತ್ತರಿಯಣ್ಣ ಅವನನ್ನು ಬೀದಿಯಿಂದ ಒಳಗೆ ಕರೆದು, ಅಂಗಡಿಯ ಹಿಂದಿನ ಗೋಡೆಗೆ ಸಾಲಾಗಿ ಮೊಳೆ ಹೊಡೆದ.

“ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು,” ಎಂದಿದ್ದಳು ಅವಳು. “ಜನ ತಲೆ ಕೂದಲಿಗೇ ಎರಡು ತಿಂಗಳಿಗೊಮ್ಮೆ ಬರ್ತಿದಾರೆ. ಚಿತ್ರ ಯಾರು ಕೊಳ್ತಾರೆ?”

“ಮನೆ ಬಾಗಿಲಿಗೆ ಹೋದ್ರೆ ಯಾರೂ ನೋಡಲ್ಲ ಕಣೇ. ನನ್ನ ಕುರ್ಚೀಲಿ ಕೂತವನು ಎಲ್ಲಿಗೆ ಹೋಗ್ತಾನೆ? ಕೊರಳಿಗೆ ಬಟ್ಟೆ ಕಟ್ಟಿರ್ತೀನಿ, ಕೈಯಲ್ಲಿ ಕತ್ತಿ ಇರುತ್ತೆ. ನೋಡಲೇಬೇಕು!”

ಆವತ್ತಿನಿಂದ ಅವನ ಕಟಿಂಗ್ ನಿಧಾನವಾಯಿತು. ಹತ್ತು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ. ಕಿವಿಯ ಹಿಂದೆ ಒಂದು ಕೂದಲನ್ನು ಮೂರು ಸಲ ಕತ್ತರಿಸುತ್ತಿದ್ದ. ಕೂತವರ ಎದುರಿಗೆ ದೊಡ್ಡ ಕನ್ನಡಿ. ಕನ್ನಡಿಯಲ್ಲಿ ತಮ್ಮ ಮುಖ, ಅದರ ಮೇಲೆ ಅಣ್ಣನ ಮುಖ, ಅದರಾಚೆ ಸಾಲಾಗಿ ಚಿತ್ರಗಳು. ಮೊದಲು ಕೊಂಡವರು ಮಿಲ್ಲಿನವರ ಶಾಲೆಯ ಡ್ರಿಲ್ ಮೇಷ್ಟ್ರು. ಅರ್ಧ ಸಂಬಳದ ಕಾಲದಲ್ಲೂ ಮಿಲ್ಲಿನ ಗೇಟಿನ ಚಿತ್ರ ಕೊಂಡು, ಹೆಂಡತಿಯ ಬೈಗುಳಕ್ಕೆ ಸಿದ್ಧರಾಗಿ ಹೋದರು. ಮಾರನೆಯ ದಿನ ಬೆಳಿಗ್ಗೆ ಉಗ್ರರಾಗಿ ವಾಪಸು ಬಂದರು.

“ಏನಯ್ಯಾ, ನನ್ನ ತಲೆ ಬೋಳಿಸ್ತೀಯ? ನಾನು ನೋಡಿದ ಚಿತ್ರದಲ್ಲಿ ಸೈಕಲ್ಲು ಗೇಟಿನ ಬಲಕ್ಕಿತ್ತು. ಮನೆಗೆ ಹೋಗಿ ಬಿಚ್ಚಿದ್ರೆ ಎಡಕ್ಕಿದೆ! ಇದು ಬೇರೆ ಚಿತ್ರ!”

ಪೇಂಟರ್ ಆಣೆ ಇಟ್ಟ. ಮೇಷ್ಟ್ರು ಕೇಳಲಿಲ್ಲ. ಚಿತ್ರವನ್ನು ಮತ್ತೆ ಗೋಡೆಗೆ ಹಾಕಿ, ಮೇಷ್ಟ್ರನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿದಾಗ ಸೈಕಲ್ಲು ಮೊದಲಿನಂತೆ ಬಲಕ್ಕೇ ಬಂತು. “ನೋಡಿದ್ಯಾ! ಇದೇ ಸರಿ!” ಎಂದು ಮೇಷ್ಟ್ರು ಚಪ್ಪಾಳೆ ತಟ್ಟಿದರು. ಊಟದ ಡಬ್ಬಿ ತಂದು ಬಾಗಿಲಲ್ಲಿ ನಿಂತಿದ್ದ ಅವಳಿಗೆ ನಗು ತಡೆಯಲಾಗಲಿಲ್ಲ. “ಮೇಷ್ಟ್ರೇ, ನೀವು ನೋಡಿದ್ದು ಕನ್ನಡೀಲಿ. ಆ ಕುರ್ಚಿ ತಿರುಗುತ್ತಲ್ಲ, ತಿರುಗಿಸಿ ನೋಡಬಾರದಾ?” ಎಂದಳು. ಮೇಷ್ಟ್ರು ಚಿತ್ರ ಬಿಡಲಿಲ್ಲ. ಅದರ ಜೊತೆಗೆ ಮನೆಯ ಎದುರುಗೋಡೆಗೆ ಒಂದು ಕನ್ನಡಿಯನ್ನೂ ಹಾಕಿಸಿಕೊಂಡರು. ಅಂದಿನಿಂದ ಅಂಗಡಿಯಲ್ಲಿ ಒಂದು ಪದ್ಧತಿಯೇ ಆಯಿತು. ಕಟಿಂಗ್ ಮುಗಿದ ಮೇಲೆ ಕತ್ತರಿಯಣ್ಣ ಕುರ್ಚಿಯನ್ನು ಗಿರಕ್ಕನೆ ಹಿಂದಕ್ಕೆ ತಿರುಗಿಸಿ, “ಈಗ ನೇರ ನೋಡಿ ಹೇಳಿ, ಬೇಕಾ ಬೇಡ್ವಾ?” ಎನ್ನುತ್ತಿದ್ದ.

ಎಲ್ಲರೂ ಕೊಳ್ಳಲಿಲ್ಲ. ಆದರೆ ಬೀದಿಯಲ್ಲಿ ಮೊದಲ ಸಲ ಜನ ಚಿತ್ರದ ವಿಷಯ ಜಗಳವಾಡಿದರು. ಬಕೆಟ್ಟಿನಲ್ಲಿ ನೀರಿದೆಯೋ ಇಲ್ಲವೋ ಎಂಬುದರ ಮೇಲೆ ಇಬ್ಬರು ಡ್ರೈವರುಗಳು ಒಂದು ವಾರ ಮಾತು ಬಿಟ್ಟಿದ್ದರು.

*

“ನನ್ನ ಕಣ್ಣು ಹೋಯ್ತು ಅತ್ತಿಗೆ,” ಎಂದು ಪೇಂಟರ್ ನೆಲದ ಮೇಲಿನ ದುಪ್ಪಟಿ ಎತ್ತಿಕೊಂಡ. “ಹನ್ನೆರಡು ವರ್ಷ ಅದೇ ಮುಖ ನೋಡಿದೀನಿ. ನನಗೆ ಹೀಗೇ ಕಂಡಿದ್ದು. ಹೇಗೆ ತಪ್ಪಿದೆ ಅಂತಾನೇ ತಿಳೀತಿಲ್ಲ.”

“ಹೊತ್ತುಕೊಂಡು ಹೋಗು, ಜನ ಸೇರೋ ಮುಂಚೆ,” ಎಂದರು ಬಾವ. “ಬೇಜಾರು ಮಾಡ್ಕೋಬೇಡ, ಆದರೆ ಸತ್ಯ ಹೇಳ್ತೀನಿ. ನನ್ನ ತಮ್ಮನ ಅಂಗಡಿ ಹಾಳಾಗಿದ್ದೇ ನಿನ್ನಿಂದ. ಗಿರಾಕಿಗೆ ಅರ್ಧರ್ಧ ಗಂಟೆ! ಅದೇ ಬೀದೀಲಿ ಎ.ಸಿ. ಸಲೂನ್ ಬಂತು, ಇವನಿನ್ನೂ ಬೆಕ್ಕಿನ ಚಿತ್ರ ತೋರಿಸ್ತಾ ಕೂತಿದ್ದ. ಈಗ ಸತ್ತ ಮೇಲೂ ಅವನ ಮುಖ ತಿರುಚಬೇಕಾ?”

ಪೇಂಟರ್ ಅವಸರದಲ್ಲಿ ಚಿತ್ರಕ್ಕೆ ದುಪ್ಪಟಿ ಸುತ್ತತೊಡಗಿದ. ಅವನು ಹೆದರಿದ್ದು ಬಾವನಿಗಲ್ಲ ಎಂದು ಅವಳಿಗೆ ಗೊತ್ತಿತ್ತು. ಇನ್ನರ್ಧ ಗಂಟೆಯಲ್ಲಿ ಊರೇ ಬರುತ್ತದೆ. ಅಣ್ಣನ ಗೋಡೆ ಹೋಯಿತು. ಉಳಿದಿರುವುದು ಕೈಯ ಹೆಸರೊಂದು. ಇಷ್ಟು ವರ್ಷ ಅನ್ನ ಹಾಕಿದವನ ಮುಖವನ್ನೇ ನೆಟ್ಟಗೆ ಬರೆಯಲಾಗಲಿಲ್ಲ ಎಂದು ನಾಲ್ಕು ಜನ ಬಾಗಿಲಲ್ಲಿ ನಿಂತು ನಕ್ಕರೆ, ನಾಳೆಯಿಂದ ಇವನ ಬಕೆಟ್ಟು ಬೆಕ್ಕುಗಳಿಗೆ ತೊಟ್ಟಿಯ ಮುಚ್ಚಳದ ಬೆಲೆಯೂ ಇರುವುದಿಲ್ಲ.

ಅವಳೂ ಮಚ್ಚೆ ನೋಡಿದಳು. ತಪ್ಪೇ. ಇಪ್ಪತ್ತೆಂಟು ವರ್ಷ ಎದುರು ಕೂತು ಊಟ ಬಡಿಸಿದವಳಿಗೆ ಮಚ್ಚೆ ಯಾವ ಕಡೆಯದೆಂದು ಗೊತ್ತಿಲ್ಲವೇ? ಆದರೂ ಆ ಸೊಟ್ಟ ಬಾಯಿ, ಆ ಹುಬ್ಬು!

“ದುಪ್ಪಟಿ ತೆಗಿ,” ಎಂದಳು.

“ಅತ್ತಿಗೆ, ಬೇಡ. ನಗಪಾಟಲಾಗುತ್ತೆ.”

“ಆಗ್ಲಿ. ಮಚ್ಚೆ ಆ ಕಡೆ ಇದ್ರೂ ಇದು ನನ್ನ ಗಂಡ. ಆ ಕೋಟಿನವನು ಯಾರೋ ನನಗೆ ಗೊತ್ತಿಲ್ಲ. ತಲೆ ಹತ್ತಿರ ಇದೇ ಇರುತ್ತೆ.”

“ನೋಡಮ್ಮ, ದುಃಖದಲ್ಲಿ ಹಟ ಮಾಡಬಾರದು,” ಎಂದು ಬಾವ ಚಿತ್ರದ ಒಂದು ಅಂಚಿಗೆ ಕೈ ಹಾಕಿದರು.

ಇನ್ನೊಂದು ಅಂಚನ್ನು ಅವಳು ಹಿಡಿದಳು. ಮೂಲೆಯಲ್ಲಿ ಕೂತಿದ್ದ ಪಕ್ಕದ ಮನೆಯಾಕೆ ಬಾಯಿಗೆ ಸೆರಗು ಹಿಡಿದುಕೊಂಡಳು, ಅಳುವಿಗೋ ಮತ್ತೆ ಯಾತಕ್ಕೋ ತಿಳಿಯಲಿಲ್ಲ. “ಬಾವ, ಕೈ ಬಿಡಿ. ಎಳೆದ್ರೆ ನಾನೂ ಎಳೀತೀನಿ. ಆಗ ನಿಮ್ಮ ಆಫೀಸಿನವರು ಬಂದಾಗ ನೋಡೋಕೆ ಬೇಕಾದಷ್ಟು ಸಿಗುತ್ತೆ.”

ಬಾವ ಕೈ ಬಿಟ್ಟರು. “ಸರಿ. ಬರೋರು ಬರ್ಲಿ. ಅವರ ಬಾಯಿಂದಾನೇ ಕೇಳಿಸಿಕೋ.”

*

ರೋಷ ಅವಳಿಗೆ ತವರಿನಿಂದ ಬಂದದ್ದಲ್ಲ, ಗಂಡನಿಂದ ಅಂಟಿದ್ದು.

ಮಿಲ್ಲು ಮುಚ್ಚಿದ ಎರಡನೆಯ ವರ್ಷ. ಕೆಟ್ಟ ಕಾಲದಲ್ಲೂ ಹೊಟ್ಟೆ ಬೆಳೆಸಿಕೊಂಡಿದ್ದ ಕಂಟ್ರಾಕ್ಟರ್ ಒಬ್ಬ ಕ್ಷೌರಕ್ಕೆ ಬಂದು ಕೂತ. ಬೆಂಚಿನ ಮೇಲೆ ಪೇಂಟರ್ ಮುದುಡಿಕೊಂಡು ಕೂತಿದ್ದ. ಅವನ ಮನೆಯಲ್ಲಿ ಎರಡು ದಿನದಿಂದ ಒಲೆ ಸರಿಯಾಗಿ ಉರಿದಿರಲಿಲ್ಲ. ಕಂಟ್ರಾಕ್ಟರ್ ಕನ್ನಡಿಯಲ್ಲಿ ಅವನ ಅವತಾರ ನೋಡಿ, “ಪಾಪ, ಇವನದೇನಾ ಇವೆಲ್ಲ? ಯಾವುದಾದ್ರೂ ನಾಲ್ಕು ಕಟ್ಟಿಸಿ ಗಾಡೀಲಿ ಇಡಪ್ಪ. ಬದುಕಿಕೊಳ್ಳಲಿ,” ಎಂದ.

ಕತ್ತರಿಯಣ್ಣನ ಕೈ ನಿಂತಿತು. ಕಂಟ್ರಾಕ್ಟರನ ಒಂದು ಕೆನ್ನೆ ನುಣ್ಣಗಾಗಿತ್ತು, ಇನ್ನೊಂದರ ಮೇಲೆ ಸೋಪಿನ ನೊರೆ.

“ಯಾವ ನಾಲ್ಕು ಸ್ವಾಮಿ?”

“ಯಾವುದಾದ್ರೇನು?”

ಕುರ್ಚಿ ಗಿರಕ್ಕನೆ ತಿರುಗಿತು. “ನೋಡಿ. ಒಂದರಲ್ಲಿ ಏನಿದೆ ಹೇಳಿ. ಒಂದೇ ಒಂದು. ಹೇಳಿದ್ರೆ ನಾಲ್ಕಲ್ಲ, ಎಲ್ಲಾ ಇಡಿಸ್ತೀನಿ.”

“ಲೇ, ಕೊಳ್ತೀನಿ ಅಂದವನಿಗೆ ಪರೀಕ್ಷೆ ಮಾಡ್ತೀಯೇನೋ? ಪಾಪ ಅಂತ ಹೇಳಿದ್ರೆ...”

“ಪಾಪ ಅನ್ನೋದು ಬೀದೀಲಿ ಪುಕ್ಕಟೆ ಸಿಗುತ್ತೆ. ಇಲ್ಲಿ ಚಿತ್ರ ಮಾತ್ರ ಮಾರಾಟಕ್ಕಿದೆ.”

ಕಂಟ್ರಾಕ್ಟರ್ ಕೊರಳಿನ ಬಟ್ಟೆ ಕಿತ್ತೆಸೆದು, ಅರ್ಧ ಮುಖದ ನೊರೆಯೊಂದಿಗೆ ನಡುಬೀದಿಯಲ್ಲಿ ನಡೆದುಹೋದ. ಅದನ್ನು ನೋಡಲು ಮೂರು ಅಂಗಡಿಯವರು ಹೊರಗೆ ಬಂದರು. ಆದರೆ ಪೇಂಟರ್ ನಗಲಿಲ್ಲ. ಎದ್ದು ನಿಂತು, “ನಿಮ್ಮ ರೋಷಕ್ಕೆ ನನ್ನ ಹೊಟ್ಟೆನಾ ಅಣ್ಣ? ಪಾಪ ಅಂದ್ರೆ ಅನ್ಲಿ, ಮನೇಲಿ ಹೆಂಡತಿಗೆ ಏನು ಹೇಳಲಿ ನಾನು?” ಎಂದು ಹೊರಟೇಹೋದ.

ಆ ಮಧ್ಯಾಹ್ನ ಕತ್ತರಿಯಣ್ಣ ಊಟ ಮಾಡಲಿಲ್ಲ. ಡಬ್ಬಿಯನ್ನು ಹಾಗೇ ಅವಳ ಕೈಗಿಟ್ಟು, “ಅವನ ಮನೆಗೆ ಕೊಟ್ಟು ಬಾ,” ಎಂದ. “ಅವನು ಹೇಳಿದ್ದು ಸರಿ ಕಣೇ. ನಾನು ಮಾಡಿದ್ದೂ ಸರಿ. ಪಾಪ ಅಂತ ಕೊಂಡವನು ಮನೆಗೆ ಹೋಗಿ ಅಟ್ಟಕ್ಕೆ ಎಸೀತಾನೆ. ನಾಲ್ಕು ಹೋಗುತ್ತೆ, ಐದನೇದು ಯಾವತ್ತೂ ಹೋಗಲ್ಲ. ನೋಡಿ ಕೊಂಡವನು ಇನ್ನೊಬ್ಬನಿಗೆ ತೋರಿಸ್ತಾನೆ.”

“ಅಲ್ಲೀತನಕ?”

“ಅಲ್ಲೀತನಕ ನಾವೂ ಸ್ವಲ್ಪ ಕಮ್ಮಿ ತಿನ್ನೋಣ.”

ಅವಳು ಬೈದಳು. ದಾರಿಯುದ್ದಕ್ಕೂ ಬೈದುಕೊಂಡೇ ಹೋಗಿ ಡಬ್ಬಿ ಕೊಟ್ಟು ಬಂದಳು. ಮಾರನೆಯ ದಿನದಿಂದ, ಯಾರೂ ಹೇಳದೆಯೇ, ಎರಡು ಡಬ್ಬಿ ಕಟ್ಟಿದಳು. ಎಷ್ಟು ದಿನ ಎಂದರೆ, ಬೆಕ್ಕಿನ ಚಿತ್ರ ನೋಡಿದ ಡ್ರೈವರೊಬ್ಬ ತನ್ನ ಅಕ್ಕನ ಮನೆಗೆ ಒಂದು ಬೇಕೆಂದು ಬಂದು, ಆ ಅಕ್ಕನ ಮನೆ ನೋಡಿದವರು ಇಬ್ಬರು ಬಂದು, ಪೇಂಟರ್ ತಾನಾಗಿಯೇ “ಅತ್ತಿಗೆ, ಇನ್ನು ಡಬ್ಬಿ ಬೇಡ,” ಎಂದು ಹೇಳುವವರೆಗೆ. ಚಿತ್ರ ಮಾರಿದ್ದು ಗಂಡನೊಬ್ಬನೇ ಅಲ್ಲ ಎಂದು ಅವಳಿಗೆ ಗೊತ್ತಿತ್ತು. ಊರಿಗೆ ಗೊತ್ತಿಲ್ಲದಿದ್ದರೆ ಊರಿಗೇ ನಷ್ಟ.

*

ಮೊದಲು ಬಂದವನು ಮಿಲ್ಲಿನ ವಾಚ್‌ಮನ್. ಮಿಲ್ಲು ಮುಚ್ಚಿ ಹನ್ನೆರಡು ವರ್ಷವಾದರೂ ಅದೇ ಖಾಕಿ ಅಂಗಿ. ಒಳಗೆ ಬಂದವನು ಹೆಣದ ಕಡೆ ನೋಡಲೇ ಇಲ್ಲ, ಚಿತ್ರದ ಮುಂದೆ ನಿಂತು, “ಅಣ್ಣಾ, ಹೋಗೇಬಿಟ್ಯಾ!” ಎಂದು ಗೊಳೋ ಎಂದು ಅತ್ತ.

ಬಾವ ಅವನ ಹೆಗಲ ಮೇಲೆ ಕೈಯಿಟ್ಟರು. “ಸಮಾಧಾನ ಮಾಡ್ಕೊಳಪ್ಪ. ಆ ಚಿತ್ರ ಸ್ವಲ್ಪ ತಪ್ಪಾಗಿದೆ, ಅದನ್ನ ನೋಡಬೇಡ.”

“ಏನು ತಪ್ಪು?”

“ಮಚ್ಚೆ ನೋಡು.”

ವಾಚ್‌ಮನ್ ಕಣ್ಣೊರೆಸಿಕೊಂಡು ನೋಡಿದ. “ಮಚ್ಚೆಗೇನು? ಸರಿಯಾಗೇ ಇದೆಯಲ್ಲ.”

“ಅದು ಈ ಕಡೆ ಇರಬೇಕು.”

“ಯಾರು ಹೇಳಿದ್ದು? ಮೂವತ್ತು ವರ್ಷ ನೋಡಿದೀನಿ ಸ್ವಾಮಿ. ಮಚ್ಚೆ ಅದೇ ಕಡೆ.”

ಬಾವನಿಗೆ ಪಿತ್ತ ನೆತ್ತಿಗೇರಿತು. ಆಗಷ್ಟೇ ಮೆಟ್ಟಿಲು ಹತ್ತುತ್ತಿದ್ದ ಇಬ್ಬರು ಡ್ರೈವರುಗಳನ್ನು ಕರೆದರು. ಬಕೆಟ್ಟಿನ ನೀರಿಗಾಗಿ ಮಾತು ಬಿಟ್ಟಿದ್ದ ಅದೇ ಇಬ್ಬರು. “ನೀವು ಹೇಳಿ. ನನ್ನ ತಮ್ಮನ ಮಚ್ಚೆ ಎಲ್ಲಿತ್ತು?” ಯಾವ ವಿಷಯಕ್ಕೂ ಒಂದಾಗದ ಇಬ್ಬರೂ ಒಟ್ಟಿಗೆ ಚಿತ್ರಕ್ಕೆ ಬೆರಳು ತೋರಿಸಿದರು. “ಅಲ್ಲೇ. ಥೇಟ್ ಅಲ್ಲೇ. ಏನು ಬರೆದಿದೀಯಪ್ಪಾ ಪೇಂಟರ್, ಈಗ ಬೈತಾರೇನೋ ಅನ್ನಿಸುತ್ತೆ.”

ಗೋಡೆಗೆ ಅಂಟಿಕೊಂಡು ನಿಂತಿದ್ದ ಪೇಂಟರ್ ತಲೆಯೆತ್ತಿದ.

“ಎಲ್ಲರೂ ಸೇರಿ ನನ್ನನ್ನ ಹುಚ್ಚ ಮಾಡ್ತಿದೀರಾ?” ಎಂದು ಬಾವ ವಾಚ್‌ಮನ್‌ನ ಕೈ ಹಿಡಿದು ಎಳೆದುಕೊಂಡೇ ಹೋಗಿ ತಮ್ಮನ ಮುಖದ ಮುಂದೆ ನಿಲ್ಲಿಸಿದರು. “ಇದು ಯಾವ ಕೆನ್ನೆ? ಬಲಗೆನ್ನೆ. ಆಯ್ತಾ?”

ವಾಚ್‌ಮನ್ ಬಗ್ಗಿದ. ಡ್ರೈವರುಗಳೂ ಬಗ್ಗಿದರು. ಮೂವರ ಹುಬ್ಬೂ ಗಂಟಾಯಿತು. ಅನುಮಾನ ಚಿತ್ರದ ಮೇಲಿಂದ ಜಾರಿ ಹೆಣದ ಮೇಲೆ ಬಿತ್ತು. “ಇದೇನಿದು?” ಎಂದ ವಾಚ್‌ಮನ್ ಮೆಲ್ಲಗೆ. “ಅಣ್ಣ ಹೀಗಿರಲಿಲ್ಲವಲ್ಲ!”

ಅಷ್ಟರಲ್ಲಿ ಡ್ರಿಲ್ ಮೇಷ್ಟ್ರು ಬಂದಿದ್ದರು. ನಿವೃತ್ತರಾಗಿ ಬೆನ್ನು ಬಾಗಿತ್ತು, ದನಿ ಬಾಗಿರಲಿಲ್ಲ. ವಿಷಯ ಕೇಳಿ, “ಇರಿ, ಇರಿ. ನಾನು ಹೀಗೆ ಕೂತಿರ್ತೀನಿ,” ಎಂದು ಅಲ್ಲೇ ಸ್ಟೂಲಿನ ಮೇಲೆ ನೆಟ್ಟಗೆ ಕೂತರು. “ಅವನು ನನ್ನ ಹಿಂದೆ ನಿಂತಿರ್ತಾನೆ. ಮಚ್ಚೆ ಈ ಕಡೆ, ಕತ್ತರಿ ಈ ಕಡೆ...” ಬಲಗೈ ಗಾಳಿಯಲ್ಲಿ ನಿಂತಿತು. “ಹಿಂದೆ ನಿಂತಿದ್ದವನ ಮುಖ ನಾನು ಹೇಗೆ ನೋಡ್ತಿದ್ದೆ?”

ಅವಳಿಗೆ ಆಗ ಹೊಳೆಯಿತು. ಹೊಳೆದ ರಭಸಕ್ಕೆ ಅಲ್ಲೇ ನೆಲದ ಮೇಲೆ, ಗಂಡನ ಪಕ್ಕದಲ್ಲಿ ಕೂತುಬಿಟ್ಟಳು.

“ಕನ್ನಡೀಲಿ,” ಎಂದಳು. “ನೀವು ಯಾರೂ ಇವರ ಮುಖ ನೇರ ನೋಡೇ ಇಲ್ಲ. ಮೂವತ್ತು ವರ್ಷ ಕನ್ನಡೀಲಿ ನೋಡಿದ್ದು. ಇವನೂ ಅಷ್ಟೇ, ಬೆಂಚಿನ ಮೇಲೆ ಕೂತು ಕನ್ನಡೀಲಿ ಕಂಡಿದ್ದನ್ನೇ ಬರೆದಿದಾನೆ. ಒಂದು ಕೂದಲಷ್ಟೂ ತಪ್ಪಿಲ್ಲ.”

ಮೇಷ್ಟ್ರು ಸ್ಟೂಲಿನ ಮೇಲೆ ಕೂತಲ್ಲೇ ನಕ್ಕರು. “ನನ್ನ ಸೈಕಲ್ಲು!” ಎಂದರು, ನಗುತ್ತಲೇ ಕಣ್ಣೀರು ಸುರಿಸಿದರು. ಡ್ರೈವರುಗಳು ನಕ್ಕರು. ಪಕ್ಕದ ಮನೆಯಾಕೆಯ ಸೆರಗಿನೊಳಗಿನ ಸದ್ದು ನಗುವೇ ಎಂಬುದು ಈಗ ಖಚಿತವಾಯಿತು. ಪೇಂಟರ್ ಮಾತ್ರ ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡು ಬೆಳಿಗ್ಗೆಯಿಂದ ತಡೆದಿದ್ದ ಅಳುವನ್ನೆಲ್ಲ ಅತ್ತ. ಅವಳು ಅವನನ್ನು ತಡೆಯಲಿಲ್ಲ.

“ಅದೇನೇ ಇರಲಿ,” ಎಂದರು ಬಾವ. “ನನಗೆ ತಪ್ಪಾಗೇ ಕಾಣುತ್ತೆ.”

ಅವಳು ನಿಧಾನವಾಗಿ ಎದ್ದಳು.

“ಕಾಣುತ್ತೆ. ನನಗೂ ಕಾಣ್ತು. ನಾನು ಆ ಕುರ್ಚೀಲಿ ಕೂತವಳಲ್ಲ.” ಅವಳ ದನಿ ಏರಲಿಲ್ಲ. “ಬಾವ, ನೀವೂ ಕೂತಿಲ್ಲ, ಅಲ್ವಾ?”

ನಗುತ್ತಿದ್ದವರೆಲ್ಲ ಬಾವನ ಕಡೆ ತಿರುಗಿದರು.

“ಅದು... ನನಗೆ ಆಫೀಸಿನ ಹತ್ತಿರಾನೇ...”

“ಮೂವತ್ತು ವರ್ಷದಲ್ಲಿ ಒಂದು ಸಲ? ಊರಿನ ತಲೆಯೆಲ್ಲ ಅವರ ಕೈಗೆ ಬಂತು. ಸ್ವಂತ ಅಣ್ಣನ ತಲೆ ಬರಲಿಲ್ಲ. ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ ಅವರು. ನನಗೂ ಈ ಚಿತ್ರ ನೋಡೋತನಕ ಹೊಳೀಲಿಲ್ಲ.”

ಬಾವ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು. ಆಫೀಸಿನವರು ನಾಲ್ಕು ಜನ ಬಂದು, ಹೂವಿಟ್ಟು, ಚಿತ್ರ ನೋಡಿ, “ನಿಮ್ಮ ತಮ್ಮನವರು ಏನು ಮಾಡ್ತಿದ್ದರು?” ಎಂದು ಕೇಳಿದರು. ಬಾವ ಬಾಯಿ ತೆರೆಯುವುದರೊಳಗೆ ಅವಳು, “ಕಟಿಂಗ್ ಮಾಡ್ತಿದ್ದರು. ಚಿತ್ರ ಮಾರ್ತಿದ್ದರು,” ಎಂದಳು.

ಹೊರಗೆ ಟೆಂಪೊ ಬಂದು ನಿಂತಿತು. ಮೇಷ್ಟ್ರು ಪೇಂಟರನನ್ನು ಪಕ್ಕಕ್ಕೆ ಕರೆದು, “ನಂದೂ ಒಂದು ಮುಖ ಬರಿಯಪ್ಪ, ಇರುವಾಗಲೇ,” ಎನ್ನುತ್ತಿದ್ದದ್ದು ಅವಳ ಕಿವಿಗೆ ಬಿತ್ತು.

“ಇಲ್ಲಿ ಬೇಡ ಮೇಷ್ಟ್ರೇ,” ಎಂದಳು. “ನಾಳೆ ಅಂಗಡಿಗೆ ಬನ್ನಿ.”

“ಅಂಗಡಿ ಯಾರು ತೆರೀತಾರಮ್ಮ?”

“ನಾನು. ಕತ್ತರಿ ಹಿಡಿಯೋಕೆ ಬರಲ್ಲ, ಬಾಗಿಲು ತೆಗೆಯೋಕೆ ಬರುತ್ತೆ. ಕೆಲಸದವರನ್ನ ಆಮೇಲೆ ಹುಡುಕ್ತೀನಿ. ಗೋಡೆಯಂತೂ ಖಾಲಿ ಇರಲ್ಲ.” ಪೇಂಟರ್ ಏನೋ ಹೇಳಲು ಬಂದ. “ನೀನು ಸುಮ್ಮನಿರು. ಪಾಪ ಅಂತ ಬಂದವರನ್ನ ಅರ್ಧ ಮುಖದಲ್ಲೇ ಓಡಿಸೋದು ನನಗೂ ಗೊತ್ತು.”

ಹೆಣವನ್ನು ಟೆಂಪೊದಲ್ಲಿ ಮಲಗಿಸಿದರು. ಚಿತ್ರ ಎಲ್ಲಿ ಕಟ್ಟಬೇಕೆಂದು ಡ್ರೈವರುಗಳು ಮತ್ತೆ ಜಗಳ ತೆಗೆದರು. ಒಬ್ಬ ಮುಂದಿನ ಗಾಜಿನ ಮೇಲೆ, ದಾರಿಗೆ ಮುಖ ಮಾಡಿ ಎಂದ. ಇನ್ನೊಬ್ಬ ಪಕ್ಕಕ್ಕೆ ಎಂದ. ಅವಳು ಇಬ್ಬರನ್ನೂ ಸರಿಸಿ, ಕ್ಯಾಬಿನ್ನಿನ ಹಿಂಭಾಗಕ್ಕೆ, ಹಿಂದೆ ನಡೆದು ಬರುವವರಿಗೆ ಎದುರಾಗಿ ಕಟ್ಟಿಸಿದಳು. ಹಿರಿಯರೆಂದು ಬಾವನನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಅವಳು ಎಲ್ಲರ ಜೊತೆ ನಡೆದಳು.

ಬಿಸಿಲು ಚುರುಗುಡುತ್ತಿತ್ತು. ಟೆಂಪೊ ಮೆಲ್ಲಗೆ ಹೊರಟಿತು. ಕತ್ತರಿಯಣ್ಣ ಒಂದು ಹುಬ್ಬೇರಿಸಿ ತನ್ನ ಗಿರಾಕಿಗಳನ್ನೆಲ್ಲ ಒಬ್ಬೊಬ್ಬರಾಗಿ ನೋಡುತ್ತ ಹಿಮ್ಮುಖವಾಗಿ ಹೋಗುತ್ತಿದ್ದ. ಅವಳು ಪಕ್ಕಕ್ಕೆ ತಿರುಗಿದಳು. ವಾಚ್‌ಮನ್ ತನಗೇ ತಿಳಿಯದೆ ಗದ್ದವನ್ನು ಮೇಲಕ್ಕೆತ್ತಿ ಕತ್ತು ನೆಟ್ಟಗೆ ಮಾಡಿಕೊಂಡಿದ್ದ. ಅವನ ಪಕ್ಕದಲ್ಲಿ ಮೇಷ್ಟ್ರು. ಅವರ ಹಿಂದೆ ಡ್ರೈವರುಗಳು, ಅವರ ಹಿಂದೆ ಬೀದಿಯ ಅಂಗಡಿಯವರು, ಸಾಲುಸಾಲಾಗಿ ಎಲ್ಲರ ಗದ್ದವೂ ಮೇಲಕ್ಕೆ. ಕತ್ತಿ ಗಂಟಲಿಗೆ ಬರುವ ಮುಂಚಿನ ಆ ಒಂದು ಗಳಿಗೆಯಲ್ಲಿ ಕುರ್ಚಿಯಲ್ಲಿ ಕೂತವರು ಹೇಗೆ ಅಲುಗಾಡದೆ ಇರುತ್ತಾರೋ ಹಾಗೆ, ಊರಿನ ಗಂಡಸರೆಲ್ಲ ನಡೆದು ಬರುತ್ತಿದ್ದರು.

ಕ್ಯಾಬಿನ್ನಿನಲ್ಲಿ ಬಾವ ಸೀಟಿನ ಮೇಲೆ ಅರ್ಧ ತಿರುಗಿ ಕೂತಿದ್ದರು. ಹಿಂದಿನ ಕಿರುಗಾಜಿನ ತುಂಬ ಅವರಿಗೆ ಕಂಡದ್ದು ಬಣ್ಣವಿಲ್ಲದ ಪ್ಲೈವುಡ್ಡಿನ ಬೆನ್ನು, ಅದರ ಮೇಲೆ ನಾಲ್ಕು ಮೊಳೆ, ಮತ್ತು ಕಟ್ಟಿದ ಹಗ್ಗದ ಗಂಟು.